ನನ್ನ ಕಡೆ ಐತಿ

ಪಂಚಮಿಗೆ ಕರೆಯಲು ಮುಧೋಳದಿಂದ ಬಂದ ತಮ್ಮ ಉಂಡಿಯ ಡಬ್ಬಿಯ ಜೊತೆಗೆ ಒಂದು ಕಾಗದವನ್ನೂ ತಂದಿದ್ದ. ಘಟಪ್ರಭೆಯ ದಂಡೆಯಲ್ಲಿ ಅಜ್ಜನ ಕಾಲದಿಂದ ಬಂದ, ಇನ್ನೂ ಪಾಲಾಗದ ಕಬ್ಬಿನ ಹೊಲದ ಹಕ್ಕು ಬಿಡುವ ಪತ್ರ. “ಅಕ್ಕಾ, ಇಲ್ಲೊಂದು ಸಹಿ ಮಾಡು. ಜಮಖಂಡ್ಯಾಗ ನಿನಗೇನ ಕಡಿಮಿ ಐತಿ?” ಎಂದ.

ನನಗೆ ಅವ್ವನ ನೆನಪಾಯಿತು. ಟ್ರಂಕಿನ ಕೀಲಿ ಕೊನೆಯವರೆಗೂ ಅವಳ ಸೊಂಟದಲ್ಲೇ ಇತ್ತು. ಆದರೂ ಒಳಗಿನ ರೊಕ್ಕ, ಬಂಗಾರದ ಮಾತು ಬಂದರೆ “ನನ್ನ ಕಡೆ ಐತಿ” ಎನ್ನುವಳೇ ಹೊರತು “ನಂದು” ಎಂದವಳಲ್ಲ.

ಇಂಗ್ಲಿಷಿನ ‘ಹ್ಯಾವ್’ನಂಥ ಕ್ರಿಯಾಪದ ನಮ್ಮ ಆಡುಮಾತಿನಲ್ಲಿಲ್ಲ. ಆ ಪದದ ಬೇರಿಗೆ ‘ಹಿಡಿ’ ಎಂಬ ಅರ್ಥವಂತೆ. ನಮ್ಮಲ್ಲಿ ವಸ್ತು ತಾನಾಗಿ ‘ಇರುತ್ತದೆ’. ಮಕ್ಕಳಾದರೆ ‘ನನಗೆ ಇಬ್ಬರಿದ್ದಾರೆ’, ರೊಕ್ಕವಾದರೆ ‘ನನ್ನ ಕಡೆ ಐತಿ’, ಧೈರ್ಯವಾದರೆ ‘ನನ್ನಲ್ಲಿದೆ’. ಹೆತ್ತ ಮಕ್ಕಳನ್ನು ‘ನನ್ನ ಕಡೆ ಅದಾರ’ ಎಂದು ನೋಡಿ, ಯಾರೋ ಬಿಟ್ಟುಹೋದವರಂತೆ ಕೇಳಿಸುತ್ತದೆ! ಇದು ಹೊಳೆದ ಹೊಸದರಲ್ಲಿ ನನಗೆ ಹೆಮ್ಮೆಯೆನಿಸಿತ್ತು: ನಮ್ಮ ನುಡಿಯಲ್ಲಿ ಯಾರೂ ಒಡೆಯರಲ್ಲ, ಎಲ್ಲರೂ ಕಾಯುವವರು.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಸೈಬೀರಿಯಾದ ಓಬ್ ನದಿಯ ಬಳಿ ಖಾಂತಿ ಎಂಬ ಜನರಿದ್ದಾರೆ. ಮೀನು ಹಿಡಿದು, ಹಿಮಸಾರಂಗ ಸಾಕಿ ಬಾಳಿದವರು. ಅವರ ಭಾಷೆಯ ನೆಂಟ ಭಾಷೆಯಾದ ಹಂಗೇರಿಯನ್ ನಮ್ಮ ಹಾಗೆಯೇ ‘ನನಗೆ ಇದೆ’ ಎನ್ನುತ್ತದೆ. ಖಾಂತಿಯಲ್ಲಿ ಮಾತ್ರ ಒಡೆತನಕ್ಕೆಂದೇ ಒಂದು ಕ್ರಿಯಾಪದವಿದೆ. ಅದರಿಂದ ಅವರು ಜಮೀನ್ದಾರರಾಗಲಿಲ್ಲ. ಅಂಥ ಪದವಿಲ್ಲವೆಂದು ನಾವೂ ವಿರಾಗಿಗಳಾಗಲಿಲ್ಲ. ವಿನಯ ವ್ಯಾಕರಣದಲ್ಲಿದ್ದರೆ ಸಾಲದು.

ಬರಹದ ಕನ್ನಡದಲ್ಲಿ ‘ಹೊಂದು’ ಎಂಬ ಮಾತುಂಟು. ‘ಹತ್ತು ಎಕರೆ ಜಮೀನು ಹೊಂದಿದ್ದಾರೆ’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಅದೇ ಮಾತನ್ನು ನಾನು ಮದುವೆಯ ದಿನ ಕೇಳಿದ್ದು ಬೇರೆ ರೀತಿ: “ಹೊಂದಿಕೊಂಡ ಹೋಗವಾ.” ಗಂಡಸು ಹೊಂದುತ್ತಾನೆ, ಹೆಂಗಸು ಹೊಂದಿಕೊಳ್ಳುತ್ತಾಳೆ. ರಬಕವಿಯ ನನ್ನ ಗೆಳತಿ ಮೂವತ್ತು ವರ್ಷ ಕಂಡಿಕೆ ಸುತ್ತಿದವಳು. “ನಮಗ ಎರಡ ಮಗ್ಗ ಅದಾವ” ಎನ್ನುತ್ತಾಳೆ. ಆದರೆ ಕಾಗದಪತ್ರದಲ್ಲಿ ಎಲ್ಲಿಯೂ ಅವಳ ಹೆಸರಿಲ್ಲ.

ಕರ್ನಾಟಕವು 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿ ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲು ಮದುವೆಯಾದ ನನ್ನಂಥವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು.

ತಮ್ಮನ ಪತ್ರವನ್ನು ನಿಧಾನವಾಗಿ ಓದಿದೆ. ‘ನನಗಿರುವ ಹಕ್ಕನ್ನು’ ಸಂತೋಷದಿಂದ ಬಿಟ್ಟಿದ್ದೇನೆ ಎಂದಿತ್ತು. ನನಗೆ ಹಕ್ಕಿದೆಯೆಂದು ತವರು ಮೊದಲ ಸಲ ಹೇಳಿದ್ದು, ಅದನ್ನು ಬಿಡಿಸಿಕೊಳ್ಳುವಾಗ! ಅವ್ವನನ್ನು ಎಲ್ಲರೂ ತ್ಯಾಗಮಯಿ ಎಂದರು. ಅವಳ ಕೈಗೆ ಕೊಡದೆ ಅವಳಿಂದ ಬಿಡಿಸಿದ್ದು ತ್ಯಾಗ ಹೇಗಾದೀತು? ಕೊಡುವ ಸುಖ ಪಡೆಯಲಿಕ್ಕಾದರೂ ಮೊದಲು ಅದು ನಮ್ಮದಾಗಬೇಕು.

ಆಸೆ ನನಗೂ ಇಲ್ಲವೆಂದಲ್ಲ. ಹೊಲಕ್ಕಿಂತ ಹೆಚ್ಚಾಗಿ ಪಂಚಮಿಗೆ ಕರೆಯಲು ಬರುವ ತಮ್ಮ ಬೇಕು. ಸಹಿ ಮಾಡದಿದ್ದರೆ ಮುಂದಿನ ವರ್ಷ ಬರುತ್ತಾನೋ ಇಲ್ಲವೋ ಎಂಬ ಹೆದರಿಕೆ ಆ ಹೊತ್ತೂ ಇತ್ತು, ಈಗಲೂ ಇದೆ. ಆದರೂ ಹೇಳಿದೆ: “ಮೊದಲ ನನ್ನ ಹೆಸರ ಉತಾರದಾಗ ಬರಲಿ ತಮ್ಮಾ. ಕೊಡೂದು ಬಿಡೂದು ಆಮ್ಯಾಲೆ ನಾ ವಿಚಾರ ಮಾಡ್ತೀನಿ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಚಹಾ ಆರಿಹೋಯಿತು. “ಪಂಚಮಿಗರೆ ಬರ್ತೀಯೋ ಇಲ್ಲೋ?” ಎಂದ ಕೊನೆಗೆ.

“ಬರ್ತೀನಿ” ಎಂದೆ.

ಪತ್ರವನ್ನು ಅವನು ಒಯ್ಯಲಿಲ್ಲ. ಸಹಿಯಿಲ್ಲದೆ, ಅವ್ವನ ಟ್ರಂಕಿನಲ್ಲಿ, ಅದೀಗ ನನ್ನ ಕಡೆ ಐತಿ.