ಯಾವ ವರ್ಷಕ್ಕೆ ಮರಳಬೇಕು ಈ ಜೀಪು?

ಹಳೇ ಜೀಪು ಕೈಗೆ ಬಂದವರು ಮೊದಲು ಮಾತಾಡುವುದು ಬಣ್ಣದ ಬಗ್ಗೆ. ಮಿಲಿಟರಿ ಹಸಿರು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ. ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ ಎಂಬುದೇನೋ ನಿಜ. 1941ರಿಂದ 1945ರ ನಡುವೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪು ತಯಾರಿಸಿದವು. ಆದರೆ ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಶೆಡ್ಡುಗಳಲ್ಲಿ ನಿಂತಿರುವವು ಹೆಚ್ಚಾಗಿ ಯುದ್ಧದ ಮುಖ ಕಂಡವಲ್ಲ. ಮಿಲಿಟರಿ ಹರಾಜಿನಲ್ಲಿ ಬಂದ ಕೆಲವನ್ನು ಬಿಟ್ಟರೆ, 1947ರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲೀಸ್ ಜೋಡಿಸಲು ಶುರುಮಾಡಿದ ಮೇಲೆ ಬಂದ ಸಾಧು ಗಾಡಿಗಳು. ಅವು ಹೊತ್ತದ್ದು ಗೊಬ್ಬರ, ಕಾಫಿ ಮೂಟೆ, ಹೆರಿಗೆ ನೋವಿನ ಹೆಂಗಸರು, ಮದುವೆ ದಿಬ್ಬಣ. ಅದೂ ಅಲ್ಲದೆ ಆಲಿವ್ ಹಸಿರು ಸೇನೆಯ ವಾಹನಗಳಿಗೆ ಮಾತ್ರ ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಕ್ಷತ್ರ ಬಿಡಿಸಿಕೊಂಡು ಓಡಾಡುವವರಿಗೆ ಇದನ್ನು ಹೇಳಿದರೆ ಕೋಪ ಬರುತ್ತದೆ.

ನಮ್ಮ ಮನೆಯದು ಸಿಜೆ-3ಬಿ. ಬಾನೆಟ್ಟು ಎದೆಮಟ್ಟಕ್ಕೆ ಎದ್ದು ನಿಂತ ಮಾದರಿ. ಅದು ಹಾಗೆ ಎದ್ದದ್ದು ಚೆಂದಕ್ಕಲ್ಲ. ವಿಲ್ಲೀಸ್‌ನ ಹೊಸ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವುಗಳನ್ನು ಪಕ್ಕದಿಂದ ಮೇಲಕ್ಕೆ ತಂದರು. ಎಂಜಿನ್ ಎತ್ತರವಾಯಿತು, ಹಳೇ ಬಾನೆಟ್ಟು ಮುಚ್ಚಲಿಲ್ಲ, 1953ರಲ್ಲಿ ಬಾನೆಟ್ಟನ್ನೇ ಎತ್ತರಿಸಿದರು. ಈಗ ನಮ್ಮ ಜೀಪಿನಲ್ಲಿ ಆ ಹರಿಕೇನ್ ಇಲ್ಲ. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಅಪ್ಪ ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಯಾವ ಎಂಜಿನ್ನಿಗಾಗಿ ಆ ಮೂಗು ಎದ್ದಿತೋ ಅದು ಹೋಗಿದೆ, ಮೂಗು ಮಾತ್ರ ಎದ್ದೇ ಇದೆ.

ಜೀಪನ್ನು ಮೊದಲಿನಂತೆ ಮಾಡಬೇಕು ಎಂದು ಹೊರಟಾಗ ನನಗಿದ್ದ ಕಲ್ಪನೆ ಸರಳವಾಗಿತ್ತು: ಕೆಟ್ಟದ್ದನ್ನು ತೆಗೆ, ಸರಿಯಾದ್ದನ್ನು ಹಾಕು. ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದೆ. ಅವರು ಬಾನೆಟ್ಟು ಎತ್ತಲೂ ಇಲ್ಲ. ಒಂದು ಸಣ್ಣ ಸುತ್ತಿಗೆ ಹಿಡಿದು ಅಡಿಗೆ ನುಸುಳಿ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ತುಕ್ಕು ತಿಂದದ್ದು ಮಂಕಾಗಿ ದಪ್ ಅನ್ನುತ್ತದೆ. ಸ್ಪ್ರಿಂಗ್ ಪ್ಲೇಟುಗಳ ಹ್ಯಾಂಗರ್ ಕೂತಿರುವ ಜಾಗದಲ್ಲಿ ಹೆಚ್ಚು ಹೊತ್ತು ಕಿವಿಗೊಟ್ಟರು. ಕೆಸರು ಸಿಕ್ಕಿಕೊಂಡು ಮಳೆಗಾಲವಿಡೀ ಒದ್ದೆಯಾಗಿರುವುದು ಅಲ್ಲೇ. ಹೊರಬಂದು ಕೈ ಒರೆಸಿಕೊಳ್ಳುತ್ತಾ, "ಚಾಸಿ ಅಡ್ಡಿಲ್ಲ ಸಾರ್. ಇನ್ನು ಓಡೋದು ಆಮೇಲೆ ನೋಡೋಣ, ಮೊದ್ಲು ನಿಲ್ಲೋದು ನೋಡಿ" ಅಂದರು.

ನಿಲ್ಲುವುದು ಎಂದರೆ ಬ್ರೇಕು. ಈ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ದಾರಿಯಲ್ಲಿ ಎಣ್ಣೆ ಹರಿಯುತ್ತದೆ. ಎಲ್ಲೋ ಒಂದು ಕಡೆ ಪೈಪು ತೂತಾದರೆ ನಾಲ್ಕೂ ಹೋದ ಹಾಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವಂಥದ್ದು, ನಮ್ಮ ಕಡೆಯ ಗಾಳಿಯಲ್ಲಿ ಬೇರೇನಿದೆ? ನಿಂತ ಗಾಡಿಯ ಸಿಲಿಂಡರುಗಳು ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. ಹೊಸಬರಿಗೆ ಎಂಜಿನ್ನಿನ ಸದ್ದು ಕೇಳುವ ಆತುರ. ವರ್ಷಗಟ್ಟಲೆ ನಿಂತದ್ದಕ್ಕೆ ನೇರ ಸೆಲ್ಫ್ ಹೊಡೆಯಬಾರದು. ಪ್ಲಗ್ಗೋ ಇಂಜೆಕ್ಟರೋ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಅದು ಇಳಿಯಲು ಸಮಯ ಕೊಟ್ಟು, ಕೈಯಲ್ಲೇ ತಿರುಗಿಸಿ ನೋಡಬೇಕು. ಇನ್ನೊಂದು ಮಾತು: ಹಳೇ ವಿಲ್ಲೀಸ್ ಮಾದರಿಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್ಡಿನವು. ಗೊತ್ತಿಲ್ಲದವರು ಬಿಚ್ಚುತ್ತಿದ್ದೇವೆ ಎಂದುಕೊಂಡು ಪಾನಾದ ಮೇಲೆ ಹತ್ತಿ ನಿಂತು ಬಿಗಿ ಮಾಡುತ್ತಾರೆ, ಸ್ಟಡ್ಡು ಮುರಿಯುವವರೆಗೂ.

ಇವೆಲ್ಲ ಕಲಿಯಬಹುದಾದ ವಿಷಯ. ಕೇಳಿದರೆ ಹೇಳುವವರಿದ್ದಾರೆ. ಯಾರೂ ಹೇಳಿಕೊಡಲಾಗದ ಕಷ್ಟ ಶುರುವಾದದ್ದು ಸೀಟು, ಮ್ಯಾಟು ತೆಗೆದು ನೋಡಿದಾಗ. ಹಿಂದಿನ ಪ್ಲೇಟುಗಳಲ್ಲಿ ಕಂಪನಿಯ ಲೆಕ್ಕಕ್ಕಿಂತ ಒಂದು ಹೆಚ್ಚು. ಚಾಲಕನ ಕಾಲಡಿಯ ತಳಕ್ಕೆ ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ ಬೆಸುಗೆ ಹಾಕಿದ್ದರು. ಟ್ರೈಲರ್ ಎಳೆಯಲು ಊರಿನ ಕುಲುಮೆಯಲ್ಲಿ ಮಾಡಿಸಿದ ಕೊಕ್ಕೆ. ಡ್ಯಾಶ್‌ಬೋರ್ಡಿನಲ್ಲಿ ಯಾವುದೋ ಸ್ವಿಚ್ಚಿಗೆಂದು ಕೊರೆದು ಬಿಟ್ಟ ತೂತು. ಕಂಪನಿಯ ಚಿತ್ರಪುಸ್ತಕ ಮುಂದಿಟ್ಟುಕೊಂಡರೆ ಇವೆಲ್ಲ ತಪ್ಪು. ಆದರೆ ಒಂದೊಂದೂ ಯಾರೋ ಯೋಚನೆ ಮಾಡಿ ತೆಗೆದುಕೊಂಡ ತೀರ್ಮಾನ. ಹೆಚ್ಚಿನ ಪ್ಲೇಟು ಹಾಕಿಸಿದವರಿಗೆ ಮೂಟೆಯ ಭಾರ ಗೊತ್ತಿತ್ತು. ಡ್ರಮ್ಮಿನ ತಗಡು ಹಾಕಿದವನು ಅಂಚನ್ನು ಎಷ್ಟು ಜೋಪಾನವಾಗಿ ಮಡಚಿದ್ದಾನೆಂದರೆ ಅಲ್ಲಿ ಇವತ್ತಿಗೂ ನೀರು ನಿಂತಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಪೂಜೆ ಮಾಡುವವನು ನಾನಲ್ಲ. ಬಾಡಿಯ ಬಲಮೂಲೆಯಲ್ಲಿ ಕೆರೆದರೆ ಬಣ್ಣದ ಕೆಳಗೆ ಬೆರಳು ದಪ್ಪ ಪುಟ್ಟಿ, ಪುಟ್ಟಿಯ ಹಿಂದೆ ಕಬ್ಬಿಣವೇ ಇಲ್ಲ. ಕೊಳ್ಳುವವರ ಅಥವಾ ಎಫ್‌ಸಿ ಮಾಡುವವರ ಕಣ್ಣಿಗೆ ಮಣ್ಣೆರಚಲು ಮಾಡಿದ ಕೆಲಸ. ಡ್ರಮ್ಮಿನ ತಗಡು ತೂತನ್ನು ತೋರಿಸಿಕೊಂಡೇ ಮುಚ್ಚುತ್ತದೆ, ಪುಟ್ಟಿ ತೂತೇ ಇಲ್ಲ ಅನ್ನುತ್ತದೆ. ಯಾವುದನ್ನು ಕಿತ್ತು ಹಾಕಬೇಕು, ಯಾವುದನ್ನು ಉಳಿಸಬೇಕು ಎಂಬುದಕ್ಕೆ ಸದ್ಯಕ್ಕೆ ನನ್ನಲ್ಲಿರುವ ಅಳತೆಗೋಲು ಇಷ್ಟೇ.

ಸರ್ಕಾರದ ಅಳತೆಗೋಲು ಬೇರೆ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳು. ಷರತ್ತೆಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂದರೆ ಶೆಡ್ಡಿನಲ್ಲಿ ಸುಮ್ಮನೆ ಕೂತ ಗಾಡಿಗೆ ಗೌರವ, ದುಡಿದು ದುಡಿದು ರೂಪ ಬದಲಿಸಿಕೊಂಡದ್ದಕ್ಕೆ ಇಲ್ಲ. ನಿಯಮ ಬರೆದವರನ್ನು ದೂರಿ ಫಲವಿಲ್ಲ, ಎಲ್ಲಾದರೂ ಗೆರೆ ಎಳೆಯಲೇಬೇಕಲ್ಲ. ಇಷ್ಟಕ್ಕೂ ಗಾಡಿ ಎಂದರೆ ಅದರ ಯಾವ ಭಾಗ? ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳಿದ್ದನಂತೆ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ರಾಜ ಎಲ್ಲಕ್ಕೂ ಅಲ್ಲ ಅಂದ. ನಮ್ಮ ಆರ್‌ಟಿಒ ಕಚೇರಿಯಾಗಿದ್ದರೆ ಅಷ್ಟು ಹೊತ್ತು ಬೇಕಿರಲಿಲ್ಲ. ಚಾಸಿ ನಂಬರಿನ ಮೇಲೆ ಟೇಪು ಅಂಟಿಸಿ, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದು ಇದೇ ಜೀಪು ಎಂದುಬಿಡುತ್ತಿದ್ದರು.

ನನಗೆ ಮಾತ್ರ ಹಾಗೆ ಮುಗಿಸಲು ಬರುತ್ತಿಲ್ಲ. ಪೆಟ್ರೋಲ್ ಎಂಜಿನ್ ಮರಳಿ ತಂದರೆ ಜೀಪು ಕಂಪನಿಯಿಂದ ಹೊರಟ ದಿನದ್ದಾಗುತ್ತದೆ. ಆದರೆ ಆ ಜೀಪನ್ನು ನಾನು ನೋಡಿಯೇ ಇಲ್ಲ. ನಾನು ಮಡ್‌ಗಾರ್ಡ್ ಮೇಲೆ ಕೂತು ತೋಟ ಸುತ್ತಿದ್ದು, ಅಪ್ಪ ಸ್ಟೇರಿಂಗ್ ಮೇಲೆ ಬಾಗಿ ಘಾಟಿ ಹತ್ತಿಸಿದ್ದು ಈ ಡೀಸೆಲ್ಲಿನ ದಡಬಡದಲ್ಲಿ. ಮೂಲಕ್ಕೆ ಮರಳಿಸುವ ನೆಪದಲ್ಲಿ ಅಪ್ಪನ ತೀರ್ಮಾನವನ್ನು ಗುಜರಿಗೆ ಹಾಕಬೇಕಾಗುತ್ತದೆ. ಅಮ್ಮನನ್ನು ಕೇಳಿದೆ. "ಪೆಟ್ರೋಲು ಯಾರು ಹಾಕಿಸ್ತಾರೆ?" ಅಂದಳು. ಅಪ್ಪ ಯೋಚಿಸಿದ್ದೂ ಅದನ್ನೇ ಇರಬೇಕು.

ಎಂಜಿನ್ನಿನ ವಿಚಾರ ಹಾಗೇ ಇದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಂದು ಹರಿಕೇನ್ ಬಂದಿದೆ ಎಂದು ಯಾರೋ ಹೇಳಿದರು. ಬ್ಲಾಕು ಸೀಳಿದೆಯೋ ಏನೋ, ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನೋಡಿದರೆ ನಷ್ಟವೇನಿಲ್ಲ. ಕೊಕ್ಕೆ ಉಳಿಯುತ್ತದೆ, ಡ್ರಮ್ಮಿನ ತಗಡೂ ಉಳಿಯುತ್ತದೆ. ಪುಟ್ಟಿಯನ್ನೆಲ್ಲ ಕೆರೆಯುವ ಕೆಲಸ ನಡೆದಿದೆ. ಬ್ರೇಕ್ ಪೈಪುಗಳನ್ನು ಹೊಸದಾಗಿ ಹಾಕಿಸಲು ಜೆ.ಸಿ. ರಸ್ತೆಯಿಂದ ಸಾಮಾನು ತರಿಸಿದ್ದೇನೆ. ಬಣ್ಣದ ಮಾತು ಇನ್ನೂ ಎತ್ತಿಲ್ಲ.