ಹೆಸರಿನ ಋಣ

ಪರರ ವಸ್ತುವನ್ನು ಅಪಹರಿಸುವುದು ಕಳ್ಳತನವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪರರ ಶ್ರಮಕ್ಕೆ ಸಲ್ಲಬೇಕಾದ ಹೆಸರನ್ನು ಹೇಳದೆ ಬಿಡುವುದು ಎಂತಹ ದೋಷ? ವಸ್ತುವನ್ನು ಬೆಲೆ ಕೊಟ್ಟು ಕೊಂಡ ಮೇಲೂ ಋಣ ಉಳಿಯುತ್ತದೆಯೆ? ಪಳೆಯುಳಿಕೆಗಳ ಶೋಧದ ಇತಿಹಾಸದಲ್ಲಿ ಇದಕ್ಕೊಂದು ನಿದರ್ಶನವಿದೆ.

1824ರ ಫೆಬ್ರವರಿ 20ರಂದು ಲಂಡನ್ನಿನ ಭೂವಿಜ್ಞಾನ ಸಂಘದ ಸಭೆಯಲ್ಲಿ ವಿಲಿಯಂ ಬಕ್‌ಲ್ಯಾಂಡನು ಮೆಗಲೋಸಾರಸ್ ಎಂಬ ಪ್ರಾಣಿಯನ್ನು ವರ್ಣಿಸಿದನು. ವಿಜ್ಞಾನದಲ್ಲಿ ಹೆಸರು ಪಡೆದ ಮೊದಲ ಡೈನೋಸಾರ್ ಅದು. ಆ ವರ್ಗನಾಮವನ್ನು ರಿಚರ್ಡ್ ಓವನ್ ರೂಪಿಸಿದ್ದು 1842ರಲ್ಲಿ. ಅದೇ ಸಭೆಯಲ್ಲಿ ವಿಲಿಯಂ ಕಾನಿಬೇರನು ಪ್ಲೀಸಿಯೋಸಾರಸ್ ಎಂಬ ಕಡಲ ಸರೀಸೃಪದ ಅಸ್ಥಿಪಂಜರವನ್ನು ವಿವರಿಸಿದನು. ಅದನ್ನು 1823ರಲ್ಲಿ ಲೈಮ್ ರೀಜಿಸ್ ಕಡಲತೀರದಲ್ಲಿ ಕಂಡು ಹೊರತೆಗೆದವಳು ಮೇರಿ ಆ್ಯನಿಂಗ್. ಆಕೆಯ ಹೆಸರು ಮಾತ್ರ ಆ ಪ್ರಬಂಧದಲ್ಲಿ ಬರಲಿಲ್ಲ.

ಆಕೆ 1799ರಲ್ಲಿ ಜನಿಸಿದ ಬಡಗಿಯ ಮಗಳು. 1810ರಲ್ಲಿ ತಂದೆ ತೀರಿಕೊಂಡ ಮೇಲೆ ಪಳೆಯುಳಿಕೆಗಳನ್ನು ಆಯ್ದು ಮಾರುವುದೇ ಕುಟುಂಬಕ್ಕೆ ಆಧಾರವಾಯಿತು. ಚಳಿಗಾಲದ ಬಿರುಗಾಳಿಗೆ ಕಡಿದು ಬೀಳುವ ದಿಬ್ಬಗಳ ಅಡಿಯಲ್ಲಿಯೇ ಆಕೆಯ ಕೆಲಸ. 1833ರಲ್ಲಿ ಅಂತಹ ಕುಸಿತದಿಂದ ಆಕೆ ಕೂದಲೆಳೆಯಲ್ಲಿ ಪಾರಾದಳು. ಜೊತೆಗಿದ್ದ ನಾಯಿ ಸತ್ತಿತು.

ಪಂಡಿತರ ಪರವಾಗಿಯೂ ವಾದವುಂಟು. ಎಲುಬನ್ನು ಹೊರತೆಗೆಯುವುದು ಬೇರೆ, ಅದರ ಅಂಗರಚನೆಯನ್ನು ನಿರ್ಣಯಿಸುವುದು ಬೇರೆ. ಕಾನಿಬೇರನ ಪಾಂಡಿತ್ಯ ಎರವಲಿನದಲ್ಲ. ಆದರೆ ತನ್ನ ಪಾಲನ್ನು ಪಡೆಯುವುದಕ್ಕೆ ಇನ್ನೊಬ್ಬರ ಪಾಲನ್ನು ಮರೆಮಾಡಬೇಕಾಗಿಲ್ಲ. ಹಣವು ಶಿಲೆಯ ಬೆಲೆಯನ್ನು ತೀರಿಸಬಲ್ಲದು. ಕಂಡುಹಿಡಿದ ಕಣ್ಣನ್ನು ಕೊಳ್ಳಲಾರದು.

ಅಂದಿನ ರೂಢಿಯೇ ಹಾಗಿತ್ತೆಂಬುದು ಇನ್ನೊಂದು ಸಮಾಧಾನ. ಆ ಸಂಘವು ಮಹಿಳೆಯರನ್ನು ಸದಸ್ಯರನ್ನಾಗಿ ಚುನಾಯಿಸಿದ್ದು 1919ರಲ್ಲಿ ಎಂಬುದು ನಿಜ. ಆದರೆ ಅದೇ ಕಾಲದಲ್ಲಿ ಥಾಮಸ್ ಬರ್ಚ್ ಎಂಬ ಸಂಗ್ರಾಹಕನೂ ಇದ್ದನು. ಆ್ಯನಿಂಗ್ ಕುಟುಂಬದ ದಾರಿದ್ರ್ಯವನ್ನು ಕಂಡು, 1820ರಲ್ಲಿ ತನ್ನ ಸಂಗ್ರಹವನ್ನು ಹರಾಜು ಹಾಕಿ, ಬಂದ ಸುಮಾರು 400 ಪೌಂಡುಗಳನ್ನು ಅವರಿಗೆ ನೀಡಿದನು. ತಾನು ಹಣ ಕೊಟ್ಟು ಕೊಂಡ ವಸ್ತುಗಳಲ್ಲಿಯೂ ಅವರ ಋಣವಿದೆಯೆಂದು ಅವನು ಬಗೆದಂತಿದೆ. ಒಬ್ಬನಿಗೆ ಸಾಧ್ಯವಾದದ್ದನ್ನು ಕಾಲವೇ ತಡೆಯಿತೆಂದು ಉಳಿದವರು ಹೇಳಲಾಗದು. ರೂಢಿಯು ದೋಷವನ್ನು ಹಗುರಗೊಳಿಸೀತು, ಇಲ್ಲವಾಗಿಸದು.

ಆಕೆ 1847ರಲ್ಲಿ ಮಡಿದಳು. 2010ರಲ್ಲಿ ರಾಯಲ್ ಸೊಸೈಟಿಯು ವಿಜ್ಞಾನದ ಮೇಲೆ ಪ್ರಭಾವ ಬೀರಿದ ಹತ್ತು ಬ್ರಿಟಿಷ್ ಮಹಿಳೆಯರಲ್ಲಿ ಆಕೆಯನ್ನು ಎಣಿಸಿತು; 2022ರಲ್ಲಿ ಹುಟ್ಟೂರಿನಲ್ಲಿ ಪ್ರತಿಮೆ ನಿಂತಿತು. ಈ ಗೌರವಗಳು ಯುಕ್ತವೇ. ಆದರೆ ಇವು ನಮ್ಮ ತಿಳಿವನ್ನು ತಿದ್ದುತ್ತವೆಯೇ ಹೊರತು ಆಕೆಯನ್ನು ಮುಟ್ಟುವುದಿಲ್ಲ. ಹೆಸರಿನ ಋಣವು ಸಲ್ಲಬೇಕಾದವರು ಬದುಕಿರುವಾಗಲೇ ತೀರಿಸತಕ್ಕದ್ದು. ಅದಕ್ಕೆ ಬೇಕಾಗುವುದು ಒಂದು ವಾಕ್ಯ ಮಾತ್ರ.