ಒದೆಯದ ಕೋವಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ - ಈ ನಾಲ್ಕು ತಾಲ್ಲೂಕುಗಳ ಹಳೇ ಪಟೇಲರ ತೊಟ್ಟಿಮನೆಗಳಲ್ಲಿ ಗೋಡೆ ಮೇಲೆ ಜಿಂಕೆ ಕೊಂಬು, ಅದರ ಪಕ್ಕದಲ್ಲಿ ಕೋವಿ ನೇತುಹಾಕಿರುತ್ತಿದ್ದುದನ್ನು ಹಿರಿಯರು ಹೇಳುತ್ತಾರೆ. ನಮ್ಮ ಕೇರಿಯವರು ಆ ಕೋವಿಯನ್ನು ನೋಡಿದ್ದು ಜಗಲಿಯ ಕೆಳಗೆ ನಿಂತು. ಬೇಟೆಯ ದಿನ ತಮಟೆ ಬಡಿದು, ಪೊದೆ ಬಡಿದು ಮಿಕ ಎಬ್ಬಿಸುವುದಕ್ಕೆ ನಮ್ಮವರು ಬೇಕು. ಗುಂಡು ಹೊಡೆಯುವುದಕ್ಕೆ ಅವರು. ಗಾಯಗೊಂಡ ಹಂದಿ ತಿರುಗಿಬಿದ್ದರೆ ಮೊದಲು ಸಿಗುವವನು ತಮಟೆಯವನು.

ಆ ಗೋಡೆಯ ಕೋವಿಗೆ ಈಗ ತುಕ್ಕು ಹಿಡಿದಿದೆ. 1972ರ ವನ್ಯಜೀವಿ ಕಾಯಿದೆ ಬಂದಮೇಲೆ ಮೋಜಿನ ಬೇಟೆ ಅಪರಾಧವಾಯಿತು. ಮೇಲುಕೋಟೆಯ ಕಾಡು 1974ರಲ್ಲಿ, ನಾಗಮಂಗಲದ ಆದಿಚುಂಚನಗಿರಿ 1981ರಲ್ಲಿ ರಕ್ಷಿತಧಾಮಗಳಾದವು. ಹೊಡೆಯುವುದಕ್ಕೆ ಏನೂ ಇಲ್ಲ. ಆದರೂ ಕೋವಿಯ ಮೋಹ ಮಾತ್ರ ಹೋಗಿಲ್ಲ, ಈಚೆಗೆ ಅದಕ್ಕೆ ಹೊಸ ಭಾಷೆಯೂ ಸಿಕ್ಕಿದೆ. ಮೊಬೈಲು ಹಿಡಿದ ಹುಡುಗರು, ನಮ್ಮ ಹುಡುಗರೂ ಸೇರಿದ ಹಾಗೆ, 'ಪಾಯಿಂಟ್ ಟೂಟೂ ಮ್ಯಾಗ್ನಂ', 'ತ್ರೀ ಟೂ ಸೆವೆನ್ ಮ್ಯಾಗ್ನಂ' ಎಂದು ಸಿನಿಮಾ ನಟರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. ಇಂಥ ಪರದೇಶದ ರಿವಾಲ್ವಾರ್ ನಮ್ಮ ಸೀಮೆಯಲ್ಲಿ ಅಪರೂಪ, ಆಮದಿಗೆ ಬಿಗಿ ನಿರ್ಬಂಧವಿದೆ. ಹಾಗಾಗಿ ಇದು ಬಹುಪಾಲು ಬಾಯಿಮಾತಿನ ಮೋಹ. ಬಾಯಿಮಾತಿನದಾದರೂ ಅದನ್ನು ಪರೀಕ್ಷಿಸಬೇಕು. ಮನುಷ್ಯ ಏನನ್ನು ಬಯಸುತ್ತಾನೆ ಎನ್ನುವುದು ಅವನು ಏನಾಗುತ್ತಾನೆ ಎನ್ನುವುದನ್ನೂ ಹೇಳುತ್ತದೆ.

ಏನಿದು ಮ್ಯಾಗ್ನಂ? ಲ್ಯಾಟಿನ್ನಿನಲ್ಲಿ ದೊಡ್ಡದು ಅಂತ ಅರ್ಥ. ಗುಂಡು ಚಿಕ್ಕದೇ, ಅದರ ಹಿಂದೆ ತುಂಬುವ ಮದ್ದು ಹೆಚ್ಚು. ಪಾಯಿಂಟ್ ಟೂಟೂ ಅಂದರೆ 0.22 ಅಂಗುಲ, ಸುಮಾರು ಐದೂವರೆ ಮಿಲಿಮೀಟರ್. ಶಾಲೆಯ ಪೆನ್ಸಿಲಿಗಿಂತ ಸಣ್ಣ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಸಾಧಾರಣ ತೋಟದಲ್ಲಿ ಅದು ಸೆಕೆಂಡಿಗೆ ಸುಮಾರು 370 ಮೀಟರ್ ಓಡಿದರೆ, ಮ್ಯಾಗ್ನಂ ತೋಟದಲ್ಲಿ ರೈಫಲಿನಿಂದ 550ನ್ನು ದಾಟುತ್ತದೆ. ವಿಂಚೆಸ್ಟರ್ ಕಂಪನಿ ಇದನ್ನು ಹೊರತಂದದ್ದು 1959ರಲ್ಲಿ. ನಮ್ಮ ಪಾರ್ಲಿಮೆಂಟು ಈಗಿರುವ ಶಸ್ತ್ರಾಸ್ತ್ರ ಕಾಯಿದೆಯನ್ನು ಮಾಡಿದ್ದೂ ಅದೇ ವರ್ಷ. 1878ರ ಬ್ರಿಟಿಷರ ಕಾಯಿದೆ ಬಿಳಿಯರಿಗೆ ವಿನಾಯಿತಿ ಕೊಟ್ಟು ಕರಿಯರಿಗೆ ಪರವಾನಗಿ ಕೇಳುತ್ತಿತ್ತು.

ಈ ಚಿಕ್ಕ ಮ್ಯಾಗ್ನಮ್ಮನ್ನು ಮೆಚ್ಚುವವರು ಅದರ ಒಂದು ಗುಣವನ್ನು ಬಾಯ್ತುಂಬ ಹೊಗಳುತ್ತಾರೆ: ಅದು ಒದೆಯುವುದಿಲ್ಲ. ನಾಡಕೋವಿ ಹಿಡಿದವನಿಗೆ ಗೊತ್ತು. ನಳಿಗೆಗೆ ಮದ್ದು ಸುರಿದು, ಚಿಂದಿ ತುರುಕಿ, ಸರಳಿನಿಂದ ಜಡಿದು, ಕೇಪು ಇಟ್ಟು ಕುದುರೆ ಎಳೆದರೆ ಹೊಗೆ ಮುಖಕ್ಕೆ ಅಡರುತ್ತದೆ, ಹಿಡಿ ಭುಜಕ್ಕೆ ಗುದ್ದುತ್ತದೆ. ಒಂದು ಗುಂಡು ಹೊಡೆದ ಮೇಲೆ ಇನ್ನೊಂದಕ್ಕೆ ಹೊತ್ತು ಹಿಡಿಯುತ್ತದೆ. ಹೊಡೆದವನಿಗೆ ಹೊಡೆದ ಲೆಕ್ಕ ಮೈಮೇಲೆ ಬೀಳುತ್ತದೆ. ಚಿಕ್ಕ ಮ್ಯಾಗ್ನಂ ರೈಫಲಿನಲ್ಲಿ ಅದೇನೂ ಇಲ್ಲ. ಬೆರಳು ಮಡಿಸಿದರೆ ಮುಗಿಯಿತು. ಭುಜಕ್ಕೆ ನೋವಿಲ್ಲ, ಅಂಗಿಗೆ ಮಸಿ ಇಲ್ಲ. ಗುಂಡು ತಾಗಿದ ಕಡೆ ಏನಾಯಿತು ಎನ್ನುವುದು ದೂರದ ಸಂಗತಿ.

ಇಂಥ ಆಯುಧ ನಮಗೆ ಹೊಸದೇ? ನಮ್ಮ ಊರುಗಳಲ್ಲಿ ಶತಮಾನಗಳಿಂದ ಇರುವ ಜಾತಿ ಹೊಡೆದವನ ಭುಜಕ್ಕೆ ಒದೆಯದ ಕೋವಿಯೇ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನಿಗೆ ಆ ದಿನ ಊಟ ಸೇರದೆ ಹೋಗಲಿಲ್ಲ. ದೇವಸ್ಥಾನದ ಬಾಗಿಲಲ್ಲಿ 'ಅಲ್ಲೇ ನಿಂತ್ಕಳ್ಲಾ' ಎಂದವನಿಗೆ ರಾತ್ರಿ ನಿದ್ದೆ ಕೆಡಲಿಲ್ಲ. ಇಷ್ಟು ಕಂಡಿರುವ ನಾವು, ಒದೆಯದಿರುವುದೇ ಹೆಚ್ಚುಗಾರಿಕೆ ಎನ್ನುವ ಮಾತನ್ನು ಕೇಳಿ ತಲೆದೂಗಬಾರದು.

ಶ್ರೀರಂಗಪಟ್ಟಣದವರು ಟಿಪ್ಪುವಿನ ಮಾತು ತೆಗೆಯುತ್ತಾರೆ. ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಹಾರಿಸಿದ ಊರು ಅದು. ಪಾಂಡವಪುರಕ್ಕೆ ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆದದ್ದು ಹೈದರ್-ಟಿಪ್ಪುವಿನ ಕಡೆಯ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದ. 1799ರ ಮೇ 4ರಂದು ಕೋಟೆ ಬಿತ್ತು, ಆಯುಧಗಳು ಲೂಟಿಯಾದವು. 2015ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಕತ್ತಿ, ಕೋವಿಗಳು ಹರಾಜಾಗಿ ಸುಮಾರು 60 ಲಕ್ಷ ಪೌಂಡ್ ಬಂತು. ಹುಲಿಮುಖ ಕೆತ್ತಿದ ಆ ಕೋವಿಗಳು ಸೊಗಸಾಗಿವೆ, ಒಪ್ಪೋಣ. ಅದಿರು ಅಗೆದವರ, ಕುಲುಮೆ ಊದಿದವರ, ಮದ್ದು ಹೊತ್ತವರ ಹೆಸರು ಮಾತ್ರ ಯಾವ ಹರಾಜಿನ ಪಟ್ಟಿಯಲ್ಲೂ ಇರುವುದಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. 'ಅಣ್ಣ, ನಮ್ ಕೈಲೂ ಒಂದಿದ್ದಿದ್ರೆ ಹಿಂಗಾಗ್ತಿತ್ತಾ?' ಎಂದು ಕೇರಿಯ ಹುಡುಗರು ಕೇಳುತ್ತಾರೆ. ಅಹಿಂಸೆಯ ಉಪದೇಶ ಮಾಡಿ ಅವರ ಬಾಯಿ ಮುಚ್ಚಿಸುವುದು ಸುಲಭ, ಆದರೆ ಅಪ್ರಾಮಾಣಿಕ. 2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಇಟ್ಟು ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಮನೆಯೊಳಗೆ ಒಂದು ರಿವಾಲ್ವಾರ್ ಇದ್ದಿದ್ದರೆ? ಒಬ್ಬರಿಬ್ಬರ ಜೀವ ಉಳಿಯುತ್ತಿತ್ತೋ ಏನೋ. ಹೊರಗಿದ್ದವನೊಬ್ಬ ಗುಂಡು ತಾಗಿ ಸತ್ತಿದ್ದರೆ, ಆ ಸಾಕ್ಷಿಗಳು ತಿರುಗಿಬೀಳದೆ ಕಟಕಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಿದ್ದರೋ ಏನೋ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿ ಎಲ್ಲರಿಗೂ ಇದೆ. ಯಾರ ಭಯವನ್ನು ನ್ಯಾಯವಾದ ಭಯ ಎಂದು ಊರು, ಠಾಣೆ, ಕೋರ್ಟು ನಂಬುತ್ತವೆ ಎನ್ನುವುದು ಬೇರೆಯದೇ ಮಾತು.

ಪರವಾನಗಿಯ ಒಳಗೇ ಈ ಭೇದ ಅಡಗಿದೆ. ಬೆಳೆ ರಕ್ಷಣೆಗೆಂದು ನಾಡಕೋವಿ ಕೇಳಬಹುದು; ಆದರೆ ಬೆಳೆ ಇರಬೇಕಾದರೆ ಹೊಲ ಇರಬೇಕು. ನಾಗಮಂಗಲದ ಬೆದ್ದಲಲ್ಲಿ ಹಂದಿ ನುಗ್ಗುವ ರಾತ್ರಿ ಅಟ್ಟಣೆ ಮೇಲೆ ಕೂತು ಡಬ್ಬ ಬಡಿಯುವ ಕೂಲಿಯವನು, ಚಿರತೆ ಅವಿತಿರುವ ಪಾಂಡವಪುರದ ಕಬ್ಬಿನ ಗದ್ದೆಗೆ ಮೊದಲು ಇಳಿಯುವ ಕಟಾವಿನ ಹೆಂಗಸು, ಇವರ ಹೆಸರಲ್ಲಿ ಪಹಣಿ ಇಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿ ಉಳ್ಳವರಿಗೂ ಪರವಾನಗಿಯಿಂದಲೇ ವಿನಾಯಿತಿ. 2021ರಲ್ಲಿ ಹೈಕೋರ್ಟು ಅದನ್ನು ಸರಿ ಎಂದಿತು. ಅಲ್ಲಿ ಹುಟ್ಟು ಇಲ್ಲವೆ ಭೂಮಿಯೇ ಪರವಾನಗಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ಅರ್ಧ ಕಿಲೋ ತೂಕದ ಪಾಯಿಂಟ್ ತ್ರೀಟೂ ರಿವಾಲ್ವಾರ್ ಮಾಡಿ 'ನಿರ್ಭೀಕ್' ಅಂತ ಹೆಸರಿಟ್ಟಿತು. ಆಗ ಅದರ ಬೆಲೆ ಒಂದು ಲಕ್ಷ 20 ಸಾವಿರಕ್ಕೂ ಮೇಲಿತ್ತು. ಆ ಕಟಾವಿನ ಹೆಂಗಸಿಗೆ ಅಷ್ಟು ದುಡ್ಡಿನ ನಿರ್ಭಯ ಎಲ್ಲಿಂದ ಬರಬೇಕು?

ಹಾಗಂತ ಕಾನೂನು ನಮ್ಮನ್ನು ಪೂರ್ತಿ ಮರೆತಿಲ್ಲ. ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಾವಳಿಯಲ್ಲಿ ಮೂರನೇ ನಿಯಮವನ್ನು ತೆಗೆದು ಓದಿ. ದೌರ್ಜನ್ಯದ ಭೀತಿ ಇರುವ ಕಡೆ ಪರಿಶಿಷ್ಟರಲ್ಲದವರ, ಅವರ ನಂಟರ, ಆಳುಗಳ ಕೋವಿ ಪರವಾನಗಿ ರದ್ದು ಮಾಡಿ ಕೋವಿಗಳನ್ನು ಸರ್ಕಾರದ ಶಸ್ತ್ರಾಗಾರದಲ್ಲಿ ಇಡಿಸಬಹುದು; ಜೀವ, ಆಸ್ತಿಯ ರಕ್ಷಣೆಗಾಗಿ ಪರಿಶಿಷ್ಟರಿಗೆ ಪರವಾನಗಿ ಕೊಡಬಹುದು. ಎರಡು ಕಡೆಯೂ 'ಅಗತ್ಯವೆಂದು ಕಂಡರೆ' ಎಂಬ ಮಾತು ಅಂಟಿಕೊಂಡಿದೆ. ಯಾರ ಕಣ್ಣಿಗೆ ಕಂಡರೆ ಎಂದು ಕೇಳುವುದು ನಮ್ಮ ಕೆಲಸ.

ಶೂದ್ರಾತಿಶೂದ್ರರಿಗೆ ಆಯುಧ ಹಿಡಿಯುವ ಹಕ್ಕಿಲ್ಲದ್ದರಿಂದಲೇ ಈ ದೇಶದಲ್ಲಿ ಸಾಮಾಜಿಕ ಕ್ರಾಂತಿಗಳಾಗಲಿಲ್ಲ ಎಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ಸುಬೇದಾರನ ಮಗ ಅವರು, ಆಯುಧದ ಬೆಲೆ ತಿಳಿದವರು. ಅವರೇ ಬರೆದು, ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕೊಲ್ಲುವ ಅಗತ್ಯವನ್ನೂ ಕೊಲ್ಲುವ ಇಚ್ಛೆಯನ್ನೂ ಬೇರೆಮಾಡಿ ನೋಡುತ್ತಾರೆ. ಮೊದಲನೆಯದಕ್ಕೆ ಬುದ್ಧ ಜಾಗ ಬಿಟ್ಟಿದ್ದಾನೆ, ಎರಡನೆಯದಕ್ಕೆ ಇಲ್ಲ. ಈ ಎರಡು ಪುಸ್ತಕಗಳಲ್ಲಿ ವಿರೋಧ ಇದೆ ಅಂತ ನನಗೆ ಕಾಣುವುದಿಲ್ಲ. ಹಕ್ಕು ಬೇಕು. ಮೋಹ ಇಚ್ಛೆಯ ಕಡೆಯದು. ಅದು ಗುಂಡಿನ ವೇಗ ಲೆಕ್ಕ ಹಾಕುತ್ತದೆ, ಗುಂಡು ಹೋಗಿ ತಾಗುವ ಮೈಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಟೇಲನ ಗೋಡೆಯಿಂದ ಕೋವಿ ಇಳಿಸಿ ನಮ್ಮ ಗೋಡೆಗೆ ನೇತುಹಾಕಿಕೊಂಡರೆ ಇನ್ಯಾವನ ಕೈಗೆ ತಮಟೆ ಕೊಡುತ್ತೇವೆ?

ಆದ್ದರಿಂದ ಮೂರನೇ ನಿಯಮದ ಮೊದಲ ಅರ್ಧಕ್ಕೆ ಮೊದಲು ಜೋತುಬೀಳಬೇಕು ಎನ್ನುತ್ತೇನೆ. ಹೆದರಿಸುವ ಕೋವಿ ಕೆಳಗಿಳಿಯಲಿ, ಆಮೇಲೆ ನಮಗೆಷ್ಟು ಬೇಕು ಎಂದು ನೋಡೋಣ. ಚುನಾವಣೆ ಬಂದಾಗ ಊರ ಕೋವಿಗಳನ್ನೆಲ್ಲ ಠಾಣೆಗೆ ತಂದು ಇಡಿಸುವ ಸರ್ಕಾರಕ್ಕೆ ಇದೇನೂ ಅಸಾಧ್ಯದ ಕೆಲಸವಲ್ಲ. ಓಟಿನ ಪೆಟ್ಟಿಗೆಗೆ ಸಿಗುವ ರಕ್ಷಣೆ ಕೇರಿಗೂ ಸಿಗಲಿ.

ನಾಲ್ಕೂ ತಾಲ್ಲೂಕು ಪಾಂಡವಪುರ ಉಪವಿಭಾಗಕ್ಕೇ ಸೇರಿವೆ. ಜಾಗೃತಿ ಸಮಿತಿಯ ಮುಂದಿನ ಸಭೆಗೆ ಹೋಗುವ ಗೆಳೆಯರು, ಮೇಷ್ಟ್ರುಗಳು ಎರಡು ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ: 1995ರಿಂದ ಈಚೆಗೆ ಈ ನಿಯಮದಡಿ ಎಷ್ಟು ಪರವಾನಗಿ ರದ್ದಾಗಿವೆ, ಎಷ್ಟು ಪರಿಶಿಷ್ಟರು ಅರ್ಜಿ ಹಾಕಿದ್ದಾರೆ. ಉತ್ತರವನ್ನು ಕೇರಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿ.